ಒಬ್ಬರ ಕಂಪ್ಯೂಟರಿಗೆ ಎಷ್ಟು ಕಾವಲು?

ಧರ್ಮಪುರಿ ಬಸ್ ನಿಲ್ದಾಣದ ಆಸುಪಾಸಿನ ಜೆರಾಕ್ಸ್ ಅಂಗಡಿಗಳಿಗೆ ಸಂಜೆಯಾದರೆ ಕಳೆ ಬರುತ್ತದೆ. ಪೆನ್ನಾಗರಂ, ಪಾಲಕ್ಕೋಡು ಕಡೆಯ ಬಸ್ಸು ಹಿಡಿಯುವ ಮುನ್ನ ಪ್ರಾಜೆಕ್ಟ್ ರಿಪೋರ್ಟು ಪ್ರಿಂಟ್ ಮಾಡಿಸಬೇಕಾದ ಕಾಲೇಜು ಮಕ್ಕಳು, ಯಾವುದೋ ಅರ್ಜಿಗೆ ದಾಖಲೆ ಸ್ಕ್ಯಾನ್ ಮಾಡಿಸಬೇಕಾದ ದೊಡ್ಡವರು ಕೌಂಟರಿನ ಮುಂದೆ ಕೈ ಚಾಚಿ ನಿಲ್ಲುತ್ತಾರೆ. ಮಕ್ಕಳ ಕೈಯಲ್ಲೆಲ್ಲ ಪೆನ್‌ಡ್ರೈವ್. ಒಂದೇ ಕಂಪ್ಯೂಟರಿನ ಒಂದೇ ಕಿಂಡಿಗೆ ಅವು ಒಂದಾದ ಮೇಲೊಂದು ಹೊಕ್ಕು ಹೊರಬರುತ್ತವೆ. ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ 'ಪ್ರಾಜೆಕ್ಟ್' ಫೋಲ್ಡರಿನ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲಿ ಪುಟ್ಟ ಬಾಗುಬಾಣದ ಗುರುತಿರುವ ಇನ್ನೊಂದು ಚಿತ್ರ ಕೂತಿರುತ್ತದೆ. ಅದನ್ನು ಎರಡು ಸಲ ಒತ್ತಿದರೆ ಫೋಲ್ಡರು ತೆರೆದುಕೊಳ್ಳುತ್ತದೆ, ಒಳಗಿನ ಫೈಲುಗಳೂ ಇರುತ್ತವೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ತೆರೆದುಕೊಳ್ಳುವ ಮೊದಲೇ ಅದು ತನ್ನದೊಂದು ಪ್ರತಿಯನ್ನು ಲ್ಯಾಪ್‌ಟಾಪಿನೊಳಗೆ ಇಳಿಸಿ ಮುಗಿಸಿರುತ್ತದೆ.

'ಶಾರ್ಟ್‌ಕಟ್ ವೈರಸ್' ಎಂದು ಎಲ್ಲ ಊರುಗಳಲ್ಲೂ ಹೆಸರಾದ ಕಾಟ ಇದು. ಅಂಗಡಿಯ ಹುಡುಗರಿಗೆ ಮದ್ದು ಬಾಯಿಪಾಠ: ಕಪ್ಪು ಕಿಟಕಿ ತೆರೆದು, 'ಅಟ್ರಿಬ್' ಎಂಬ ಆಜ್ಞೆ ಟೈಪ್ ಮಾಡಿ, ವೈರಸ್ಸು ಬಚ್ಚಿಟ್ಟ ಅಸಲಿ ಫೋಲ್ಡರನ್ನು ಮತ್ತೆ ಕಣ್ಣಿಗೆ ಬೀಳಿಸುತ್ತಾರೆ. ಫೈಲು ಸಿಕ್ಕಿತು, ಪ್ರಿಂಟು ಬಂತು, ಕೆಲಸ ಮುಗಿಯಿತು. ಯಾವ ಯಂತ್ರದಿಂದ ಅದು ಹತ್ತಿಕೊಂಡಿತೋ ಆ ಯಂತ್ರ ಮಾತ್ರ ಹಾಗೇ ಇರುತ್ತದೆ.

ಅಂಗಡಿಯದು ಊರವರೆಲ್ಲ ಮುಟ್ಟುವ ಕಂಪ್ಯೂಟರ್, ಅದಕ್ಕೆ ಕಾವಲು ಬೇಕೆಂದರೆ ಎಲ್ಲರೂ ಒಪ್ಪುತ್ತಾರೆ. ಮನೆಯದನ್ನು ಮುಟ್ಟುವುದು ಒಬ್ಬರೇ, ಅದಕ್ಕೂ ಯಾಕೆ ಅಷ್ಟೇ ಬಂದೋಬಸ್ತು? ನೋಡಲು ಸರಳವಾದ ಈ ಪ್ರಶ್ನೆಗೆ ಕಂಪ್ಯೂಟರ್ ಕಂಪನಿಗಳೇ ಕಾಲು ಶತಮಾನ ತಪ್ಪು ಉತ್ತರ ಕೊಡುತ್ತಾ ಬಂದವು. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ ದಾಟಿದರೆ ಸಿಗುವ ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿ ಆ ತಪ್ಪಿನ ಫಲ ಹೇಗಿರುತ್ತದೆಂದು ಕಣ್ಣಾರೆ ನೋಡಬಹುದು.

ಪಾಸ್‌ವರ್ಡ್ ಹುಟ್ಟಿದ ಕಾಲ

ಕಂಪ್ಯೂಟರ್ ಕಾವಲಿನ ಬಹುಪಾಲು ಕ್ರಮಗಳು ಯಂತ್ರ ಒಂದು, ಜನ ಹಲವರು ಎಂಬ ಕಾಲದವು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಒಟ್ಟೊಟ್ಟಿಗೆ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಬ್ಬರ ಫೈಲಿಗೆ ಇನ್ನೊಬ್ಬರು ಕೈ ಹಾಕಬಾರದಲ್ಲ, ಅದಕ್ಕಾಗಿ ಪಾಸ್‌ವರ್ಡ್ ಬಂತು. ಅದರ ಎಡವಟ್ಟೂ ಬೆನ್ನಿಗೇ ಬಂತು: ಅದೇ ದಶಕದಲ್ಲಿ ಒಂದು ದಿನ ಫೈಲುಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಪರದೆಯ ಮೇಲೆ ಮೂಡಿತು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಯುನಿಕ್ಸ್ ಇದೇ ದಾರಿಯಲ್ಲಿ ಮುಂದೆ ಹೋಯಿತು. ಪ್ರತಿಯೊಬ್ಬ ಬಳಕೆದಾರರಿಗೂ ಅವರವರ ಜಾಗ. ಇಡೀ ಯಂತ್ರವನ್ನು ಬದಲಿಸುವ ಹಕ್ಕು 'ರೂಟ್' ಎಂಬ ಒಂದೇ ಖಾತೆಗೆ.

ಮೇಜಿನ ಮೇಲಿನ ಕಂಪ್ಯೂಟರ್ ಬಂದಾಗ ಇದನ್ನೆಲ್ಲ ಭಾರವೆಂದು ಕಳಚಿಟ್ಟರು. 1981ರ ಐಬಿಎಂ ಪಿಸಿಯ ಜೊತೆ ಬಂದ ಡಾಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ಬಳಕೆದಾರ ಎಂಬ ಕಲ್ಪನೆಯೇ ಇರಲಿಲ್ಲ. ಸ್ವಿಚ್ ಹಾಕಿದವನೇ ಒಡೆಯ. ವಿಂಡೋಸ್ 95 ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು ನಿಜ, ಆದರೆ ಎಸ್ಕೇಪ್ ಕೀಲಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಡುತ್ತಿತ್ತು! 2001ರ ವಿಂಡೋಸ್ ಎಕ್ಸ್‌ಪಿ ಕಚೇರಿ ಯಂತ್ರಗಳಿಗೆಂದು ಕಟ್ಟಿದ್ದ ಗಟ್ಟಿ ತಳಹದಿಯನ್ನು ಮನೆಗೂ ತಂದಿತು. ತಂದರೂ, ಮನೆಯ ಬಳಕೆದಾರನಿಗೆ ಮೊದಲ ದಿನವೇ ರೂಟ್‌ನಂಥದೇ ಅಡ್ಮಿನ್ ಪಟ್ಟ ಕಟ್ಟಿ ಆ ತಳಹದಿಯನ್ನು ವ್ಯರ್ಥ ಮಾಡಿತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು ಇಂಟರ್‌ನೆಟ್ಟಿಗೆ ತಂತಿ ಸಿಕ್ಕಿಸಿದ ಎಷ್ಟೋ ವಿಂಡೋಸ್ ಕಂಪ್ಯೂಟರುಗಳಿಗೆ, ಯಾರೂ ಏನನ್ನೂ ಒತ್ತದೆಯೇ ಹತ್ತಿಕೊಂಡಿತು. ಮರುವರ್ಷ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನಲ್ಲಿ, ಹೊರಗಿನಿಂದ ನುಗ್ಗುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲನ್ನು ತಾನೇ ಆನ್ ಮಾಡಿ ಕಳಿಸಿತು. ಒಬ್ಬರದೇ ಯಂತ್ರವಾದರೂ ಅದು ಒಂಟಿಯಲ್ಲ ಎಂದು ಕಂಪನಿ ಒಪ್ಪಿಕೊಂಡದ್ದು ಆಗ.

ಒಂದೇ ಡಿಸ್ಕಿನಲ್ಲಿ ಎರಡು ನಂಬಿಕೆ

2011ರ ಸೆಪ್ಟೆಂಬರ್ 15ರಂದು ತಮಿಳುನಾಡು ಸರ್ಕಾರ ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭಿಸಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೆರಡನೆಯ ತರಗತಿಯವರಿಗೆ, ಕಾಲೇಜು ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಲ್ಯಾಪ್‌ಟಾಪುಗಳು ಸಿಕ್ಕವು. ಧರ್ಮಪುರಿಯಂಥ ಜಿಲ್ಲೆಗೆ ಇದರ ತೂಕ ಬೇರೆಯೇ. ಅದೇ 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ಇಡೀ ರಾಜ್ಯಕ್ಕೇ ಹಿಂದಿದ್ದ ಜಿಲ್ಲೆ ಅದು. ಹೊಗೇನಕಲ್ ಕಡೆಯ ಕನ್ನಡದ ಮನೆಯಿರಲಿ, ಅರೂರು ಕಡೆಯ ತಮಿಳಿನ ಮನೆಯಿರಲಿ, ಎಷ್ಟೋ ಕುಟುಂಬಗಳಿಗೆ ಮೊದಲ ಕಂಪ್ಯೂಟರು ಸರ್ಕಾರದ ಮುದ್ರೆ ಹೊತ್ತೇ ಬಂತು. ಕಚೇರಿಯಲ್ಲಾದರೆ ಯಂತ್ರದ ಜೊತೆಗೆ ಅದನ್ನು ನೋಡಿಕೊಳ್ಳುವವರೊಬ್ಬರು ಇರುತ್ತಾರೆ. ಇಲ್ಲಿ ಯಂತ್ರ ಬಂತು, ನೋಡಿಕೊಳ್ಳುವವರು ಬರಲಿಲ್ಲ. ಹದಿನೇಳು ವರ್ಷದ ಹುಡುಗಿಯೇ ಬಳಕೆದಾರಳು, ಅವಳೇ ಅಡ್ಮಿನ್, ಕೆಟ್ಟರೆ ಅವಳೇ ರಿಪೇರಿಯವಳು.

ಆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಒಂದು ವಿಶೇಷವಿತ್ತು. ಮೊದಲ ಕಂತುಗಳಲ್ಲಿ ಬಂದವುಗಳಲ್ಲಿ ಎರಡು ಕಾರ್ಯಾಚರಣೆ ವ್ಯವಸ್ಥೆಗಳನ್ನು ಒಂದೇ ಡಿಸ್ಕಿನಲ್ಲಿ ಹಾಕಿ ಕೊಟ್ಟಿದ್ದರು: ವಿಂಡೋಸ್ 7ರ ಸ್ಟಾರ್ಟರ್ ಆವೃತ್ತಿ ಮತ್ತು ಚೆನ್ನೈನ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್. ಆನ್ ಮಾಡಿದರೆ ಯಾವುದು ಬೇಕೆಂದು ಕೇಳುತ್ತಿತ್ತು. ಲಿನಕ್ಸ್ ಯುನಿಕ್ಸಿನ ಕುಲದ್ದು. ಒಬ್ಬಳೇ ಒಡತಿಯಾದರೂ ಅವಳನ್ನು ಸಾಮಾನ್ಯ ಬಳಕೆದಾರಳಂತೆ ಕಂಡು, ಹೊಸ ತಂತ್ರಾಂಶ ಹಾಕುವಾಗ ಮತ್ತೆ ಪಾಸ್‌ವರ್ಡ್ ಕೇಳುವ ಸ್ವಭಾವ ಅದರದು. ವಿಂಡೋಸ್ ಪಿಸಿಯ ಕುಲದ್ದು. ಮೊದಲ ಖಾತೆಯೇ ಅಡ್ಮಿನ್ ಖಾತೆ, ಮಧ್ಯೆ 'ಯೆಸ್' ಒತ್ತಬೇಕಾದ ಒಂದು ಪ್ರಶ್ನೆ, ಅಷ್ಟೇ. ಆಟ, ಸಿನಿಮಾ, ಅಂಗಡಿಯವರು ಹಾಕಿಕೊಡುವ ತಂತ್ರಾಂಶ ಎಲ್ಲವೂ ವಿಂಡೋಸಿನದೇ ಆಗಿದ್ದರಿಂದ ಕೈ ಆ ಕಡೆಗೇ ಹೋಗುವುದು ಸಹಜವಾಗಿತ್ತು.

ಇದೇ ಜೋಡಿ ವ್ಯವಸ್ಥೆ ಇನ್ನೊಂದು ಸಂಗತಿಯನ್ನೂ ಬಯಲು ಮಾಡುತ್ತದೆ. ವಿಂಡೋಸಿನಲ್ಲಿ ಎಷ್ಟೇ ಉದ್ದದ ಪಾಸ್‌ವರ್ಡ್ ಹಾಕಿದ್ದರೂ, ಅದೇ ಲ್ಯಾಪ್‌ಟಾಪನ್ನು ಲಿನಕ್ಸ್‌ನಿಂದ ಶುರು ಮಾಡಿದರೆ ವಿಂಡೋಸಿನ ಫೈಲುಗಳೆಲ್ಲ ತೆರೆದ ಪುಸ್ತಕ. ಲಾಗಿನ್ ಪಾಸ್‌ವರ್ಡ್ ಕಾಯುವುದು ವ್ಯವಸ್ಥೆ ಎಚ್ಚರವಾಗಿದ್ದಾಗ ಮಾತ್ರ. ಡಿಸ್ಕಿನಲ್ಲಿರುವುದನ್ನೇ ಗೂಢಲಿಪಿಗೆ ತಿರುಗಿಸಿಡದಿದ್ದರೆ ಯಂತ್ರ ಕೈಗೆ ಸಿಕ್ಕವರಿಗೆ ಎಲ್ಲವೂ ಸಿಕ್ಕಂತೆ. ಹಾಗೆ ತಿರುಗಿಸಿಡುವ ಬಿಟ್‌ಲಾಕರ್ ಸೌಲಭ್ಯ ಸ್ಟಾರ್ಟರ್ ಆವೃತ್ತಿಯಲ್ಲಿ ಇರಲೇ ಇಲ್ಲ. ಬ್ಯಾಂಕಿನ ಸರ್ವರ್ ಬೀಗ ಹಾಕಿದ ಕೋಣೆಯಲ್ಲಿರುತ್ತದೆ. ವಿದ್ಯಾರ್ಥಿಯ ಲ್ಯಾಪ್‌ಟಾಪ್ ಟೌನ್ ಬಸ್ಸಿನಲ್ಲಿ, ಹಾಸ್ಟೆಲಿನ ಮಂಚದ ಮೇಲೆ, ರಿಪೇರಿ ಅಂಗಡಿಯ ಮೇಜಿನ ಮೇಲೆ ಇರುತ್ತದೆ. ಈ ಒಂದು ವಿಷಯದಲ್ಲಂತೂ ಹಂಚಿಕೊಂಡ ಯಂತ್ರಕ್ಕಿಂತ ಒಬ್ಬರ ಯಂತ್ರಕ್ಕೇ ಹೆಚ್ಚು ಕಾವಲು ಬೇಕು.

ಕೂತವರು ಒಬ್ಬರು, ಓಡಾಡುವವರು ಹಲವರು

ನಮ್ಮ ಕಾನೂನುಗಳೂ ಅಪಾಯವೆಂದರೆ ಕುರ್ಚಿಯಲ್ಲಿ ಕೂತ ಮನುಷ್ಯ ಎಂದೇ ಎಣಿಸಿವೆ. ತಮಿಳುನಾಡಿನಲ್ಲಿ 'ಬ್ರೌಸಿಂಗ್ ಸೆಂಟರ್' ಎಂದೂ ನಮ್ಮಲ್ಲಿ ಸೈಬರ್ ಸೆಂಟರ್ ಎಂದೂ ಕರೆಯುವ ಅಂಗಡಿಗಳಿಗಾಗಿ ಕೇಂದ್ರ ಸರ್ಕಾರ 2011ರಲ್ಲಿ ನಿಯಮ ಮಾಡಿತು. ಬಂದವರ ಗುರುತಿನ ಚೀಟಿ ನೋಡಬೇಕು, ದಾಖಲೆ ಪುಸ್ತಕವನ್ನು ಕನಿಷ್ಠ ಒಂದು ವರ್ಷ ಇಡಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಕೂತವನ ಮೇಲೆ ಕಣ್ಣಿಡುವುದಕ್ಕೆ ಇವೆಲ್ಲ ಸರಿಯೇ. ಆದರೆ ಮೇಲೆ ಹೇಳಿದ ಪೆನ್‌ಡ್ರೈವ್ ಪ್ರಕರಣದಲ್ಲಿ ಕೂತವನದೇನು ತಪ್ಪು? ಅವನು ಪ್ರಿಂಟ್ ತೆಗೆಸಲು ಬಂದವನು. ಕೆಡುಕು ಮಾಡಿದ್ದು ಅವನ ಹೆಸರಿನಲ್ಲಿ, ಅವನ ಅಧಿಕಾರದಲ್ಲಿ ಓಡಿದ ಒಂದು ಪ್ರೋಗ್ರಾಮು.

'ನನ್ನ ಕಂಪ್ಯೂಟರು, ನಾನೊಬ್ಬನೇ' ಎಂಬ ಮಾತು ಸುಳ್ಳಾಗುವುದು ಇಲ್ಲೇ. ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಬ್ರೌಸರ್, ಅದಕ್ಕೆ ಅಂಟಿಸಿದ ನಾಲ್ಕಾರು ಎಕ್ಸ್‌ಟೆನ್ಶನ್, ಪ್ರಿಂಟರಿನ ತಂತ್ರಾಂಶ, ತಮಿಳು ಕನ್ನಡ ಟೈಪಿಂಗಿನದು, ಗೆಳೆಯ ಕೊಟ್ಟ ಆಟ, ಯಾವುದೋ ತಾಣದಿಂದ ಇಳಿಸಿದ ಪಿಡಿಎಫ್ ಜೋಡಿಸುವ ಸಾಧನ ಎಲ್ಲವೂ ಒಟ್ಟಿಗೆ ಓಡುತ್ತಿರುತ್ತವೆ. ಬರೆದವರು ಯಾರೋ, ಎಲ್ಲಿಯವರೋ. ಇವರೆಲ್ಲರಿಗೂ ಒಡೆಯನ ಪೂರ್ತಿ ಅಧಿಕಾರವನ್ನು ಎತ್ತಿಕೊಡುವುದು ಹೊಲ ಉಳಲು ಬಂದವನಿಗೆ ಬೀರುವಿನ ಕೀಲಿಯನ್ನೂ ಕೊಟ್ಟಂತೆ. ಕಂಪ್ಯೂಟರ್ ವಿಜ್ಞಾನಿಗಳಾದ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಬೇಕೆಂಬ ನಿಯಮವನ್ನು ವಿವರಿಸಿದಾಗ ಬಳಕೆದಾರರ ಜೊತೆಗೆ ಪ್ರೋಗ್ರಾಮುಗಳನ್ನೂ ಅದರೊಳಗೆ ಸೇರಿಸಿದ್ದರು. ಪಿಸಿ ಲೋಕ ಆ ಎರಡನೆಯ ಅರ್ಧವನ್ನು ಓದಿದಂತೆ ಕಾಣುವುದಿಲ್ಲ.

ಓದಿದ್ದು ಮೊಬೈಲ್ ಮಾಡಿದವರು. ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಲಿನಕ್ಸೇ. ಫೋನು ಒಬ್ಬರ ಜೇಬಿನದು, ಹಲವು ಬಳಕೆದಾರರ ವ್ಯವಸ್ಥೆ ಅಲ್ಲಿ ದಂಡ ಎನ್ನಿಸಬೇಕಿತ್ತು. ಆಂಡ್ರಾಯ್ಡ್ ರೂಪಿಸಿದವರು ಅದನ್ನು ಕಿತ್ತೆಸೆಯಲಿಲ್ಲ, ಬಳಕೆಯ ದಿಕ್ಕು ತಿರುಗಿಸಿದರು: ಪ್ರತಿಯೊಂದು ಆ್ಯಪ್‌ಗೂ ಒಬ್ಬ ಪ್ರತ್ಯೇಕ ಬಳಕೆದಾರನ ಸಂಖ್ಯೆ ಕೊಟ್ಟರು. ಎಂಐಟಿಯಲ್ಲಿ ಒಬ್ಬ ಸಂಶೋಧಕನ ಫೈಲನ್ನು ಇನ್ನೊಬ್ಬನಿಂದ ಕಾದ ಅದೇ ಬಗೆಯ ಗೋಡೆ ಈಗ ಟಾರ್ಚ್ ಆ್ಯಪ್‌ನಿಂದ ಬ್ಯಾಂಕ್ ಆ್ಯಪನ್ನು ಕಾಯುತ್ತದೆ. ಒಬ್ಬರ ಯಂತ್ರಕ್ಕೂ ಹಂಚಿಕೊಂಡ ಯಂತ್ರದ ಕಾವಲು ಬೇಕೇ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗಲಾರದು.

'ನನ್ನದರಲ್ಲಿ ಕದಿಯಲು ಏನಿದೆ?'

ಎಲ್ಲರ ಬಾಯಲ್ಲೂ ಬರುವ ಆಕ್ಷೇಪ ಇದು. ಏನೂ ಇಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಯಂತ್ರ ಇದೆ, ಇಂಟರ್‌ನೆಟ್ ಇದೆ. 2016ರ ಅಕ್ಟೋಬರಿನಲ್ಲಿ ಮಿರಾಯ್ ಎಂಬ ತಂತ್ರಾಂಶ ಮನೆಮನೆಗಳ ಕ್ಯಾಮೆರಾ, ರೂಟರುಗಳನ್ನು ದಂಡು ಕಟ್ಟಿಕೊಂಡು ದಾಳಿ ಮಾಡಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳನ್ನು ಎಷ್ಟೋ ಕಡೆ ಕೈಗೆ ಸಿಗದಂತೆ ಮಾಡಿತು. ಆ ಮನೆಯವರ ಬಳಿ ಕದಿಯುವಂಥದ್ದು ಏನೂ ಇರಬೇಕಾಗಿರಲಿಲ್ಲ, ಅವರ ಯಂತ್ರಗಳೇ ಆಯುಧವಾದವು. ಭಾರತದಲ್ಲಿ ಹೀಗೆ ಪರರ ವಶವಾದ ಕಂಪ್ಯೂಟರುಗಳನ್ನು ತೊಳೆಯಲೆಂದೇ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ತೆರೆದು, ಉಚಿತ ಸಾಧನಗಳನ್ನು ಕೊಡತೊಡಗಿತು. ಇಷ್ಟು ವರ್ಷವಾದರೂ ಅದರ ಹೆಸರು ಕೇಳಿದವರು ಕಡಿಮೆ ಎಂಬುದು ಬೇರೆ ಮಾತು.

ಅಲ್ಲದೆ, ಏನೂ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಸೇಲಂ ಸಮೀಪದ ಇಳಂಪಿಳ್ಳೈ ಸೀರೆಗೆ ಹೆಸರಾದ ಊರು, ಸೇಲಂ ಸೀಮೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರೂ ಇದ್ದಾರೆ. ಅಲ್ಲಿಯ ಸಣ್ಣ ವ್ಯಾಪಾರಿಯ ಮನೆಯ ಒಂದೇ ಕಂಪ್ಯೂಟರಿನಲ್ಲಿ ಟ್ಯಾಲಿ ಲೆಕ್ಕ, ಜಿಎಸ್‌ಟಿ ಕಡತ, ಗಿರಾಕಿಗಳ ವಿಳಾಸ, ಸೀರೆಯ ಹೊಸ ವಿನ್ಯಾಸ, ಮಗನ ಆಟ ಎಲ್ಲವೂ ಒಟ್ಟಿಗಿರುವುದು ಅಪರೂಪವೇನಲ್ಲ. ಇದು ಸ್ವಂತದ್ದೋ ಕಚೇರಿಯದ್ದೋ? ನಮ್ಮ ಗ್ರಾಮ ಒನ್‌ನಂತೆ ತಮಿಳುನಾಡಿನಲ್ಲಿ ಇ-ಸೇವೈ ಕೇಂದ್ರಗಳಿವೆ, ಅವುಗಳಲ್ಲಿ ಕೆಲವನ್ನು ಹಳ್ಳಿಯ ಉದ್ಯಮಿಗಳೇ ನಡೆಸುತ್ತಾರೆ. ಅಂಥ ಒಂದು ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಎಷ್ಟು ಜನರ ಆಧಾರ್ ಪ್ರತಿ ಕೊಳೆಯುತ್ತಿರಬಹುದು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮನೆ ಎಲ್ಲಿ ಮುಗಿದು ಕಸುಬು ಎಲ್ಲಿ ಶುರುವಾಗುತ್ತದೆ ಎಂಬುದು ಇಂಥ ಕಡೆ ಗೆರೆ ಎಳೆದು ಹೇಳುವಂಥದ್ದಲ್ಲ.

ಗಟ್ಟಿಯಾದ ಆಕ್ಷೇಪ

ತಿಳಿದವರು ಎತ್ತುವ ಆಕ್ಷೇಪ ಇದಕ್ಕಿಂತ ಹರಿತವಾದದ್ದು. ಅಡ್ಮಿನ್ ಬೇರೆ, ಬಳಕೆದಾರ ಬೇರೆ ಎಂದು ಮಾಡಿದರೆ ಉಳಿಯುವುದು ವಿಂಡೋಸ್. ಅದು ಹಾಳಾದರೆ ಅಂಗಡಿಯಲ್ಲಿ ಸ್ವಲ್ಪ ದುಡ್ಡು ಕೊಟ್ಟು ಮತ್ತೆ ಹಾಕಿಸಬಹುದು. ಮಗುವಿನ ಫೋಟೊ, ಮೂರು ವರ್ಷದ ಲೆಕ್ಕ, ಪ್ರಾಜೆಕ್ಟ್ ರಿಪೋರ್ಟು ಇವೆಲ್ಲ ಇರುವುದು ಬಳಕೆದಾರನ ಖಾತೆಯಲ್ಲೇ. ಅವನ್ನು ಹಾಳುಮಾಡಲು ಯಾವ ವೈರಸ್ಸಿಗೂ ಅಡ್ಮಿನ್ ಅಪ್ಪಣೆ ಬೇಡ. ಶಾರ್ಟ್‌ಕಟ್ ವೈರಸ್ಸು ಯಾರ ಪಾಸ್‌ವರ್ಡನ್ನೂ ಕೇಳದೆ ಫೋಲ್ಡರು ಬಚ್ಚಿಟ್ಟದ್ದು ಇದಕ್ಕೇ ಸಾಕ್ಷಿ.

ಈ ಮಾತನ್ನು ಒಪ್ಪಲೇಬೇಕು. ಹಂಚಿಕೊಂಡ ಯಂತ್ರದಲ್ಲಿ ಬೆಲೆಯಿರುವುದು ವ್ಯವಸ್ಥೆಗೆ, ಒಬ್ಬರ ಯಂತ್ರದಲ್ಲಿ ಬೆಲೆಯಿರುವುದು ಫೈಲಿಗೆ. ಬ್ರೌಸಿಂಗ್ ಸೆಂಟರಿನ ಮಾಲೀಕ ಮನಸ್ಸು ಮಾಡಿದರೆ ಪ್ರತಿ ಸಲ ಆಫ್ ಮಾಡಿದಾಗಲೂ ಕಂಪ್ಯೂಟರು ಮೊದಲಿನ ಸ್ಥಿತಿಗೆ ಮರಳುವಂತೆ ತಂತ್ರಾಂಶ ಹಾಕಿಸಬಹುದು, ಕಾಲೇಜು ಲ್ಯಾಬುಗಳಲ್ಲೂ ಇದು ರೂಢಿ. ಮನೆಯ ಕಂಪ್ಯೂಟರನ್ನು ಹಾಗೆ ದಿನಾ ಒರೆಸಿಹಾಕಿ ನೋಡಿ! ಹಾಗೆಂದು ಅಡ್ಮಿನ್ ಗೋಡೆ ವ್ಯರ್ಥವಾಗುವುದಿಲ್ಲ. ಅದಿದ್ದರೆ ವೈರಸ್ಸು ಆಂಟಿವೈರಸ್ಸನ್ನೇ ಕಿತ್ತುಹಾಕುವುದು, ಯಾರಿಗೂ ಕಾಣದಷ್ಟು ಆಳಕ್ಕೆ ಇಳಿದು ಕೂರುವುದು ಕಷ್ಟವಾಗುತ್ತದೆ. ಅದು ಸಾಲದು ಎನ್ನಿ, ಬೇಡ ಎನ್ನಬೇಡಿ. ಉಳಿದ ಕಾವಲನ್ನು ಬ್ಯಾಕಪ್ ವಹಿಸಿಕೊಳ್ಳಬೇಕು: ಬೇಕಾದ ಫೈಲುಗಳ ಒಂದು ಪ್ರತಿ, ಕಂಪ್ಯೂಟರಿಗೆ ಸದಾ ಅಂಟಿಕೊಂಡಿರದ ಕಡೆ. 2017ರ ಮೇ 12ರಂದು ಶುರುವಾದ ವನ್ನಾಕ್ರೈ ದಾಳಿ ಜಗತ್ತನ್ನು ಸುತ್ತಿ, ಕೇರಳದ ವಯನಾಡಿನ ತರಿಯೋಡು ಪಂಚಾಯತಿ ಕಚೇರಿಯವರೆಗೂ ಬಂದು ಫೈಲುಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿದಾಗ ಬ್ಯಾಕಪ್ ಇದ್ದವರು ಬಚಾವಾದರು. ಆ ದಾಳಿ ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು, ಧರ್ಮಪುರಿಯ ಮಕ್ಕಳ ಕೈಗೆ ಬಂದ ಅದೇ ವ್ಯವಸ್ಥೆ.

ಕಟ್ಟಳೆ ಯಾವುದು, ಕಾವಲು ಯಾವುದು

ಕಚೇರಿಯದನ್ನೆಲ್ಲ ಮನೆಗೆ ಹೊತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುವ ಪದ್ಧತಿಯನ್ನೇ ನೋಡಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲಿ, ಸೋರಿಕೆಯಾದ ಸುಳಿವಿಲ್ಲದೆ ಬರೀ ಕಾಲಾವಧಿಗಾಗಿ ಬದಲಿಸಲು ಒತ್ತಾಯಿಸಬೇಡಿ ಎಂದಿತು. ಒತ್ತಾಯಿಸಿದರೆ ಜನ ಕೊನೆಯ ಅಂಕಿಯನ್ನಷ್ಟೇ ಒಂದೊಂದು ಏರಿಸುತ್ತಾರೆ ಎಂಬುದು ಕಚೇರಿಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಹಾಗೆಯೇ ವಿಂಡೋಸ್ ವಿಸ್ಟಾ ಬಂದಾಗ ಪ್ರತಿಯೊಂದಕ್ಕೂ ಅಪ್ಪಣೆ ಕೇಳಿ ಕೇಳಿ ಜನರಿಗೆ ಓದದೆಯೇ ಒಪ್ಪಿಗೆ ಒತ್ತುವ ಚಟ ಹತ್ತಿಸಿತು. ನೂರು ಸಲ ಕೇಳುವ ಪ್ರಶ್ನೆ ಪ್ರಶ್ನೆಯೇ ಅಲ್ಲ. ಒಳ್ಳೆಯ ಕಾವಲು ಬಳಕೆದಾರನ ತಲೆ ತಿನ್ನುವುದಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ತಾನಾಗಿ ಓಡುತ್ತಿದ್ದ 'ಆಟೊರನ್' ಅನ್ನು ವಿಂಡೋಸ್ 7 ನಿಲ್ಲಿಸಿದಾಗ ಯಾರಿಗೂ ಏನೂ ಕಲಿಸಬೇಕಾಗಲಿಲ್ಲ, 2008ರ ಕಾನ್‌ಫಿಕರ್ ಹುಳು ಬಳಸಿಕೊಂಡಿದ್ದ ಒಂದು ದಾರಿ ಮುಚ್ಚಿತು, ಅಷ್ಟೇ.

ಗೋಡೆಗಳು ಹೆಚ್ಚಿದರೆ ಯಂತ್ರದ ಯಜಮಾನ ಯಾರು ಎಂಬ ಆತಂಕವೂ ಇದೆ, ಅದು ಹುಸಿಯಲ್ಲ. ಫೋನಿನಲ್ಲಿ ಆ್ಯಪುಗಳು ಬೇರೆಬೇರೆ ಇವೆ ನಿಜ, ಆದರೆ ರೂಟ್ ಕೀಲಿ ಫೋನು ಕೊಂಡವರ ಕೈಯಲ್ಲಿಲ್ಲ. ರೂಟ್ ಮಾಡಿದ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪುಗಳು ತೆರೆದುಕೊಳ್ಳುವುದೇ ಇಲ್ಲ. ಯಂತ್ರ ಬಿಚ್ಚಿ, ಕೆಡಿಸಿ, ಕಟ್ಟಿ ಕಲಿಯಬೇಕಾದ ವಿದ್ಯಾರ್ಥಿಗೆ ಅಂಥ ಮುಚ್ಚಿದ ಪೆಟ್ಟಿಗೆ ಕೊಟ್ಟು ಪ್ರಯೋಜನವೇನು? ಕೀಲಿ ಒಡತಿಯದೇ ಆಗಿರಲಿ, ದಿನದ ಕೆಲಸದಲ್ಲಿ ಅದು ಅವಳ ಕೈಯಲ್ಲಿರುವುದು ಬೇಡ. ಲಿನಕ್ಸ್‌ನ ಹಳೆಯ ಪದ್ಧತಿ ಇದನ್ನೇ ಹೇಳುತ್ತದೆ, ಮತ್ತು ಮನೆಗೆ ಇದಕ್ಕಿಂತ ಸರಿಯಾದ ಅಳತೆ ನನಗಂತೂ ಕಾಣುವುದಿಲ್ಲ.

2025ರ ಮಾರ್ಚ್ ಬಜೆಟ್ಟಿನಲ್ಲಿ ತಮಿಳುನಾಡು ಸರ್ಕಾರ ಎರಡು ವರ್ಷಗಳಲ್ಲಿ 20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಕೊಡುವುದಾಗಿ ಘೋಷಿಸಿತು. ಅಷ್ಟು ಯಂತ್ರಗಳಲ್ಲೂ ಒಂದು ಅಡ್ಮಿನ್ ಖಾತೆ, ಒಂದು ದಿನಬಳಕೆಯ ಖಾತೆ ಎಂದು ಮೊದಲೇ ಬೇರೆ ಮಾಡಿ, ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿ, ಅಪ್‌ಡೇಟ್ ತಾನಾಗಿ ಬರುವಂತೆ ಇಟ್ಟು ಕೊಡಲು ಹೆಚ್ಚಿನ ಹಣ ಬೇಕಾಗುವುದಿಲ್ಲ, ಟೆಂಡರಿನಲ್ಲಿ ನಾಲ್ಕು ಸಾಲು ಬೇಕು. ಹಳೆಯವುಗಳ ಕಥೆ ಬೇರೆ. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ, ಅದರ ನಂತರದ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಷ್ಟು ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಇನ್ನೂ ಉಸಿರಾಡುತ್ತಿರುವ 2011, 2012ರ ಲ್ಯಾಪ್‌ಟಾಪುಗಳಿಗೆ ಇಂದಿಗೂ ಹೊಸ ಆವೃತ್ತಿ, ಅದೂ ಬಿಟ್ಟಿಯಾಗಿ, ಸಿಗುವುದು ಬಹಳ ಜನ ತೆರೆಯದೆ ಬಿಟ್ಟ ಡಿಸ್ಕಿನ ಆ ಇನ್ನೊಂದು ಅರ್ಧಕ್ಕೆ: ಯಾವುದಾದರೊಂದು ಹಗುರ ಲಿನಕ್ಸ್‌ಗೆ.